ಅಡುಗೆಮನೆಗೆ ನಲ್ಲಿ ಬರುವ ತನಕ

ತಾಳಗುಪ್ಪದ ರಾತ್ರಿ ರೈಲು ತರೀಕೆರೆ ತಲುಪುವಾಗ ಇನ್ನೂ ಕತ್ತಲೆ. 2024ರ ಮಾರ್ಚ್, ಏಪ್ರಿಲ್ ತಿಂಗಳ ಹೆಚ್ಚುಕಡಿಮೆ ಎಲ್ಲ ಶನಿವಾರಗಳಂದು ಅಪ್ಪ ಅಮ್ಮ ಆ ಹೊತ್ತಿಗೆ ಅಲ್ಲಿ ಇಳಿದು, ಬೆಳಕು ಹರಿಯುವವರೆಗೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂತಿದ್ದು, ಆಮೇಲೆ ಲಿಂಗದಹಳ್ಳಿ ಕಡೆಯ ಬಸ್ಸು ಹಿಡಿಯುತ್ತಿದ್ದರು. ಅಪ್ಪನ ಕೈಯಲ್ಲಿ ಒಂದು ವಾರ ಹೊಸ ಗುದ್ದಲಿಯ ಕಾವು, ಇನ್ನೊಂದು ವಾರ ಡ್ರಿಪ್ ಪೈಪಿನ ಸುರುಳಿ, ಒಮ್ಮೆ ಗೋಣಿಚೀಲದಲ್ಲಿ ಸುತ್ತಿದ ಸಪೋಟ ಸಸಿ. ಅಮ್ಮನ ಕೈಯಲ್ಲಿ ಮಾತ್ರ ಯಾವಾಗಲೂ ಒಂದೇ ಸಾಮಾನು: ಬಟ್ಟೆ, ಅಕ್ಕಿಬೇಳೆಯ ಎರಡು ಚೀಲ ಮತ್ತು ಐದು ಲೀಟರಿನ ನೀರಿನ ಕ್ಯಾನು. ಬೆಂಗಳೂರಿನಿಂದ ಊರಿಗೆ ನೀರು ಹೊತ್ತು ತರುವ ಹೆಂಗಸನ್ನು ನೋಡಿ ಅಪ್ಪನಿಗೆ ನಗು. "ಭದ್ರಾ ಡ್ಯಾಮಿನ ಪಕ್ಕಕ್ಕೆ ನೀರು ತರ್ತಾಳೆ ನೋಡು ನಿಮ್ಮಮ್ಮ" ಎಂದು ಫೋನಿನಲ್ಲಿ ಹೇಳಿದ್ದ. ನಾನೂ ನಕ್ಕಿದ್ದೆ.

ನಾನು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಶನಿವಾರ ಹಾಸ್ಟೆಲಿನಿಂದ ಹೊರಟು ಲಕ್ಕವಳ್ಳಿ ದಾಟಿ ತರೀಕೆರೆಗೆ ಬಂದು, ಮಧ್ಯಾಹ್ನದ ಊಟದ ಹೊತ್ತಿಗೆ ಅವರನ್ನು ಸೇರಿಕೊಳ್ಳುತ್ತಿದ್ದೆ. ನಮ್ಮೂರು ತರೀಕೆರೆ ಹತ್ತಿರ ಅಂದರೆ ಸಾಹಿತ್ಯದವರು "ಓ, ರಹಮತ್ ತರೀಕೆರೆಯವರ ಕಡೆಯವರಾ" ಅನ್ನುತ್ತಾರೆ. ಮಿಕ್ಕವರೆಲ್ಲ ಏರಿ ಮೇಲಿನ ಆ ಮೂರು ಕರಿ ಕುರಿಮರಿಗಳನ್ನು ನಾಲಿಗೆ ತೊಡರದೆ ಹೇಳು ಅನ್ನುತ್ತಾರೆ. ನನಗೆ ಈಗಲೂ ತೊಡರುತ್ತದೆ. ನಾನು ಹುಟ್ಟಿ ಬೆಳೆದದ್ದು ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ. ಊರು ಅಂದರೆ ನನಗೆ ದಸರಾ ರಜೆ, ಅಜ್ಜನ ಎಲೆಅಡಿಕೆ ಚೀಲ, ಗಿರಿಯ ಕಡೆಯಿಂದ ಬರುವ ತಣ್ಣನೆ ಗಾಳಿ. ಇಷ್ಟನ್ನೇ ಬಂಡವಾಳ ಮಾಡಿಕೊಂಡು ನಾನು ಆರಿಸಿಕೊಂಡ ವಿಷಯ, ಕನ್ನಡ ಕಥನ ಸಾಹಿತ್ಯದಲ್ಲಿ ಹಳ್ಳಿಗೆ ಮರಳುವವರು.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ಮೇಲೆ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು. ಆ ಆಗಸ್ಟಿಗೆ ನಿವೃತ್ತಿ. ಊರಿಗೆ ಹೋಗಿ ತೋಟ ಮಾಡುತ್ತೇನೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಹೇಳುತ್ತಿದ್ದ. ಯಾರೂ ನಂಬಿರಲಿಲ್ಲ. 2023ರ ಮಳೆಗಾಲ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರ ಘೋಷಿಸಿತು. ಮಾರ್ಚ್ ಬರುವ ಹೊತ್ತಿಗೆ ಬೆಂಗಳೂರಿನ ಬೋರುಗಳು ಒಂದೊಂದಾಗಿ ಒಣಗಿ, ನಮ್ಮ ಬೀದಿಯಲ್ಲಿ ಟ್ಯಾಂಕರಿಗಾಗಿ ಬಿಂದಿಗೆಗಳ ಸಾಲು ನಿಂತಿತು. ಅಪ್ಪ ಅದನ್ನು ದೇವರೇ ಕೊಟ್ಟ ಸಾಕ್ಷಿ ಎಂಬಂತೆ ಹಿಡಿದುಕೊಂಡ. "ಇಲ್ಲಿ ದುಡ್ಡು ಕೊಟ್ಟರೂ ನೀರಿಲ್ಲ. ಅಲ್ಲಿ ನಮ್ದೇ ತೋಟ, ನಮ್ದೇ ನೀರು. ಇನ್ನೂ ಯಾಕೆ ಕಾಯೋದು?" ಕೂಡಿಟ್ಟಿದ್ದ ರಜೆಗಳನ್ನೆಲ್ಲ ಶನಿವಾರಗಳಿಗೆ ಹಾಕಿಕೊಂಡು, ಶಿವರಾತ್ರಿ ಮುಗಿದ ಕೂಡಲೇ ರೈಲು ಹತ್ತಿಸಿಬಿಟ್ಟ. ಅಮ್ಮನನ್ನು ಕೇಳಿದನೋ ಇಲ್ಲವೋ ಎಂಬುದು ಆಗ ನನಗೆ ಹೊಳೆಯಲೂ ಇಲ್ಲ.

ಅಪ್ಪನ ಪಾಲಿಗೆ ಬಂದಿರುವುದು ಒಂದೂವರೆ ಎಕರೆ ಅಡಿಕೆ ತೋಟ, ತೋಟದ ಮನೆಯ ಬಲಭಾಗ. ಎಡಭಾಗದಲ್ಲಿ ದೊಡ್ಡಪ್ಪ, ದೊಡ್ಡಮ್ಮ ಮತ್ತು ಅವರ ಮಗ ಇದ್ದಾರೆ. ಅಜ್ಜ ಹೋದ ಮೇಲೆ ಬಲಭಾಗಕ್ಕೆ ಬೀಗ ಬಿದ್ದು ಏಳು ವರ್ಷವಾಗಿತ್ತು. ಬಾಗಿಲು ತೆಗೆದಾಗ ಬಾವಲಿ ಹಿಕ್ಕೆಯ ವಾಸನೆ ಮುಖಕ್ಕೆ ಹೊಡೆಯಿತು. ಅಟ್ಟದ ತೊಲೆಗೆ ಗೆದ್ದಲು ಹತ್ತಿತ್ತು, ಹೆಂಚು ಸರಿದ ಕಡೆಯಲ್ಲೆಲ್ಲ ಬಿಸಿಲು ಕೋಲು ಕೋಲಾಗಿ ಇಳಿದಿತ್ತು. ಅಪ್ಪ ಲುಂಗಿ ಮೇಲೆ ಕಟ್ಟಿ ಏಣಿ ಹತ್ತಿದ. ಮೂವತ್ತನಾಲ್ಕು ವರ್ಷದ ಮೆಷಿನ್ ಸದ್ದು ಕಿವಿಯಿಂದ ಇಳಿದುಹೋಯಿತೇನೋ ಎನ್ನುವ ಹಾಗೆ ಶಿಳ್ಳೆ ಹಾಕುತ್ತಿದ್ದ. ಅಪ್ಪ ಶಿಳ್ಳೆ ಹಾಕಬಲ್ಲ ಎಂದು ನನಗೆ ಗೊತ್ತಾದದ್ದೇ ಆವತ್ತು.

ಅಮ್ಮ ಜಗಲಿ ಮೇಲೆ ಚೀಲ ಇಟ್ಟು ಮೊದಲು ಕೇಳಿದ್ದು, "ನೀರೆಲ್ಲಿ?"

ಸೇದುವ ಬಾವಿ ಬತ್ತಿತ್ತು. ಊರಿನ ನಲ್ಲಿ ಪೈಪು ತೋಟದ ಮನೆವರೆಗೆ ಬಂದಿಲ್ಲ. ಇರುವುದು ದೊಡ್ಡಪ್ಪನ ಬೋರು, ಅದರ ನೀರು ಬೀಳುವ ಸಿಮೆಂಟಿನ ತೊಟ್ಟಿ. ಅದು ತೋಟದ ತಗ್ಗಿನಲ್ಲಿದೆ, ಮನೆಯಿಂದ ನೂರಿಪ್ಪತ್ತು ಹೆಜ್ಜೆ. ಹೋಗುವಾಗ ಇಳಿಜಾರು, ತುಂಬಿದ ಕೊಡ ಹೊತ್ತು ಬರುವಾಗ ಏರು. ಬೇಸಿಗೆಯಲ್ಲಿ ತ್ರೀಫೇಸ್ ಕರೆಂಟು ಬರುವುದು ಬಹುಪಾಲು ರಾತ್ರಿ. ಆ ಹೊತ್ತಿನಲ್ಲಿ ತೋಟಕ್ಕೆ ಬಿಟ್ಟು ಮಿಕ್ಕ ನೀರು ತೊಟ್ಟಿಗೆ.

ಆ ಶನಿವಾರ ಅಮ್ಮ ಹೊತ್ತದ್ದು ಹದಿನೆಂಟು ಕೊಡ. ಮನೆ ತೊಳೆಯುವುದಕ್ಕೇ ಹನ್ನೆರಡು ಹೋಯಿತು. ನಾನೂ ಎರಡು ಕೊಡ ತಂದೆ. ಮೂರನೆಯದಕ್ಕೆ ಸೊಂಟ ಹಿಡಿದುಕೊಂಡಿತು. ಅಮ್ಮ ಹಳೆಯ ಟವೆಲ್ಲನ್ನು ಸಿಂಬಿ ಸುತ್ತಿ ತಲೆ ಮೇಲಿಟ್ಟುಕೊಂಡಳು. ಕೈ ಬಿಟ್ಟು, ಕತ್ತು ಅಲುಗಿಸದೆ, ಸೋಗೆ ಬಿದ್ದ ದಾರಿಯಲ್ಲಿ ನೆಲ ನೋಡದೆ ನಡೆದು ಬಂದಳು. ಹೆಗ್ಗನಹಳ್ಳಿಯಲ್ಲಿ ಬ್ಲೌಸ್ ಹೊಲಿಯುತ್ತಾ ಮೊಬೈಲಿನಲ್ಲಿ ಸೀರಿಯಲ್ ನೋಡುವ ಹೆಂಗಸು ಎಲ್ಲಿ ಹೋದಳು ಎಂದು ನಾನು ಬಾಯಿಬಿಟ್ಟು ನೋಡಿದೆ. ಫೋನು ತೆಗೆದು ಒಂದು ಫೋಟೋ ಹಿಡಿದೆ. ಬೆಳಗಿನ ಬೆಳಕು, ಅಡಿಕೆ ಮರಗಳ ಸಾಲು, ತಲೆ ಮೇಲೆ ಸ್ಟೀಲಿನ ಕೊಡ. ಫೋಟೋ ಚೆನ್ನಾಗಿಯೇ ಬಂದಿತ್ತು. ಸ್ಟೇಟಸ್ಸಿಗೆ ಹಾಕಿದೆ. 'ಮರಳಿ ಊರಿಗೆ' ಎಂದು ಬರೆದೆ ಬೇರೆ.

ವಾರಗಳು ಹೀಗೆ ಸಾಗಿದವು. ಅಪ್ಪನ ಬಳಿ ಒಂದು ಡೈರಿಯಿತ್ತು. ಕಾರ್ಖಾನೆಯ ಅಭ್ಯಾಸ, ಪ್ರತಿ ಕೆಲಸಕ್ಕೂ ನಂಬರು. ಹೆಂಚು, ತಂತಿಬೇಲಿ, ಡ್ರಿಪ್ ರಿಪೇರಿ, ಮೆಣಸಿನ ಬಳ್ಳಿಗೆ ನೆರಳು, ಸಪೋಟ, ಎರೆಹುಳು ಗುಂಡಿ. ಸಂಜೆ ಜಗಲಿಯಲ್ಲಿ ಕೂತು ಮುಗಿದದ್ದಕ್ಕೆ ಗೀಟು ಎಳೆಯುತ್ತಿದ್ದ. ಹೊಂಗೆ ಹೂವು ಅಂಗಳದ ತುಂಬ ಉದುರುತ್ತಿತ್ತು. ರಾತ್ರಿ ದೂರದ ಗಿರಿಯ ಮೇಲೆ ಒಮ್ಮೊಮ್ಮೆ ಬೆಂಕಿಯ ಗೆರೆ ಕಾಣುತ್ತಿತ್ತು, ಬೇಸಿಗೆಯಲ್ಲಿ ಒಣಹುಲ್ಲಿಗೆ ಹತ್ತುವ ಬೆಂಕಿ. ಅಪ್ಪ ಬೀಡಿ ಬಿಟ್ಟ. ರಕ್ತದೊತ್ತಡ ಇಳಿದಿದೆ ಎಂದು ಡಾಕ್ಟರು ಹೇಳಿದರು. ಸುಳ್ಳು ಹೇಳಬಾರದು, ನಾನು ಪೂರ್ತಿ ಅಪ್ಪನ ಪಕ್ಷದಲ್ಲಿದ್ದೆ. ಡೈರಿಯಲ್ಲಿ 'ನಲ್ಲಿ, ಬಚ್ಚಲು, ಶೌಚಾಲಯ' ಎಂಬುದು ಹದಿನಾಲ್ಕನೇ ನಂಬರಿನಲ್ಲಿತ್ತು. ಅದನ್ನು ನಾನು ನೋಡಿದ್ದೆ. ಹದಿನಾಲ್ಕು ಎಂಬುದು ಸರಿಯಾದ ಜಾಗವೇ ಅನಿಸಿತ್ತು.

ಅಮ್ಮ ಜಗಳ ಆಡಲಿಲ್ಲ. ಆದರೆ ಪ್ರತಿ ಭಾನುವಾರ ಮಧ್ಯಾಹ್ನದ ಹೊತ್ತಿಗೇ ಚೀಲ ತುಂಬಿ ಬಾಗಿಲ ಬಳಿ ಇಟ್ಟುಬಿಡುತ್ತಿದ್ದಳು. ರೈಲು ಇರುವುದು ರಾತ್ರಿಗೆ.

ಅಮ್ಮನ ತವರು ಅಜ್ಜಂಪುರದ ಆಚೆ. ಅದೀಗ ಬೇರೆ ತಾಲ್ಲೂಕು, ಆಗೆಲ್ಲ ತರೀಕೆರೆಗೇ ಸೇರಿತ್ತು. ನಕ್ಷೆಯಲ್ಲಿ ನೋಡಿದರೆ ಅಪ್ಪನ ಊರಿಗೂ ಅಮ್ಮನ ಊರಿಗೂ ಮಹಾ ದೂರವಿಲ್ಲ. ನಡುವೆ ಮಾತ್ರ ಸೀಮೆಯೇ ಬದಲಾಗುತ್ತದೆ. ಲಿಂಗದಹಳ್ಳಿ ಕಡೆ ಅಡಿಕೆ, ಮೆಣಸು, ಹಸಿರು ಗಿರಿ. ಅಜ್ಜಂಪುರದ ಕಡೆ ಈರುಳ್ಳಿ, ರಾಗಿ, ಅಮೃತಮಹಲ್ ದನಗಳ ಬೋಳು ಕಾವಲು. ಈಗ ಅಜ್ಜಂಪುರದ ಹತ್ತಿರ ಗುಡ್ಡದೊಳಗೆ ಸುರಂಗ ಕೊರೆದು ಭದ್ರೆಯ ನೀರನ್ನು ಚಿತ್ರದುರ್ಗದ ಕಡೆಗೆ ಒಯ್ಯುವ ಮೇಲ್ದಂಡೆ ಯೋಜನೆ ಬಂದಿದೆ. ಅಮ್ಮನ ಕಾಲಕ್ಕೆ ಇದ್ದದ್ದು ಕೆರೆಯಂಗಳದಲ್ಲಿ ತೋಡಿದ ಒರತೆ. ಲೋಟದಲ್ಲಿ ಮೊಗೆದು ಕೊಡ ತುಂಬಿಸಬೇಕು. ಒಂದು ಕೊಡ ತುಂಬುವುದಕ್ಕೆ ಅರ್ಧ ಗಂಟೆ. ಮನೆಗೆ ಹಿರಿಮಗಳು. ಏಳನೇ ಕ್ಲಾಸಿನಲ್ಲಿ ಶಾಲೆ ಬಿಡಿಸಿದ್ದು ಇದೇ ಕೆಲಸಕ್ಕೆ. ಇದೆಲ್ಲ ನನಗೆ ಮೊದಲಿನಿಂದಲೂ ಗೊತ್ತಿತ್ತು ಎಂಬುದೇ ನಾಚಿಕೆಯ ಸಂಗತಿ. ಗೊತ್ತಿತ್ತು, ಕತೆಯ ಹಾಗೆ.

ಒಂದು ಭಾನುವಾರ ಅಮ್ಮನ ಮನಸ್ಸು ಬದಲಾಗಲಿ ಎಂದು ಅಮೃತಾಪುರಕ್ಕೆ ಕರೆದುಕೊಂಡು ಹೋದೆ. 1196ರಲ್ಲಿ, ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ. ಸುತ್ತ ತೆಂಗು, ಅಡಿಕೆ, ತಂಪಾದ ಜಾಗ. ಬಿಸಿಲಲ್ಲಿ ಮಿರುಗುವ ಆ ತಿರುಗಣೆ ಕಂಬಗಳಲ್ಲಿ ಅಮ್ಮ ಮುಖ ನೋಡಿಕೊಂಡು ಕೂದಲು ಸರಿ ಮಾಡಿಕೊಂಡಳು. ನಾನು ದೊಡ್ಡ ಶಾಸನದ ಮುಂದೆ ನಿಂತು, ಇದರಲ್ಲಿರುವ ಪದ್ಯಗಳು ಜನ್ನನವು, ಯಶೋಧರ ಚರಿತೆ ಬರೆದ ಅದೇ ಜನ್ನ ಎಂದು ಸಣ್ಣ ಉಪನ್ಯಾಸ ಕೊಟ್ಟೆ. ಅಮ್ಮ ಪೂರ್ತಿ ಕೇಳಿಸಿಕೊಂಡು, ಆಮೇಲೆ ಆವರಣವನ್ನೆಲ್ಲ ಒಂದು ಸುತ್ತು ನೋಡಿ, "ಇಷ್ಟು ದೊಡ್ಡ ಗುಡಿ ಕಟ್ಟೋವಾಗ ಆಳುಕಾಳಿಗೆಲ್ಲ ನೀರು ಯಾರು ಹೊರ್ತಿದ್ರು, ಅದೇನಾರ ಬರ್ದವ್ರಾ ಇದ್ರಲ್ಲಿ?" ಎಂದು ಕೇಳಿದಳು. ಹಳಗನ್ನಡ ಪರೀಕ್ಷೆಗಳಲ್ಲೆಲ್ಲ ಒಳ್ಳೆಯ ಅಂಕ ತೆಗೆದವಳು ನಾನು. ಬಾಯಿ ಬರಲಿಲ್ಲ.

ಯುಗಾದಿ ಬಂದದ್ದು ಏಪ್ರಿಲ್ 9ರಂದು, ಮಂಗಳವಾರ. ಅಪ್ಪ ಶನಿವಾರದಿಂದಲೇ ಉಳಿದುಕೊಳ್ಳೋಣ ಎಂದ. ಹೊಸ ಹೆಂಚಿನ ಮನೆಯಲ್ಲಿ ಮೊದಲ ಹಬ್ಬ. ಊರಿನ ನೆಂಟರನ್ನೆಲ್ಲ ಕರೆದುಬಿಟ್ಟ. ಹದಿನಾಲ್ಕು ಎಲೆ. ಎಣ್ಣೆಸ್ನಾನ, ಹೋಳಿಗೆ, ಪಾತ್ರೆ. ಆ ನಾಲ್ಕು ದಿನ ನಾನು ಕೊಡ ಎಣಿಸುವುದನ್ನು ಬಿಟ್ಟೆ. ಹಬ್ಬದ ಮಧ್ಯಾಹ್ನ ಗಂಡಸರೆಲ್ಲ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು, ಮಣ್ಣು, ಬೇರು, ಮೂಲ ಎಂದೆಲ್ಲ ಮಾತಾಡುತ್ತಿದ್ದರು. ನಾನೂ ಸೇರಿಕೊಂಡು ತೇಜಸ್ವಿ ಕತೆ ತೆಗೆದೆ. ಮೈಸೂರಿನಲ್ಲಿ ಎಂ.ಎ. ಮಾಡಿ, ಕುವೆಂಪು ಮಗನಾಗಿ, ಬೇಕಿದ್ದರೆ ಕಾಲೇಜು ಸೇರಬಹುದಾಗಿದ್ದ ಮನುಷ್ಯ ಇದೇ ಜಿಲ್ಲೆಯ ಮೂಡಿಗೆರೆಗೆ ಬಂದು ತೋಟ ಮಾಡಿದ್ದು. ಅಪ್ಪನ ಮುಖ ಅರಳಿತು. ಒಳಗೆ ಹೋದಾಗ ಅಮ್ಮ ಹಿತ್ತಿಲ ಬಾಗಿಲಲ್ಲಿ ಬೂದಿ ಹಾಕಿ ಹೋಳಿಗೆ ಹಂಚು ತಿಕ್ಕುತ್ತಿದ್ದಳು. ಪಕ್ಕದಲ್ಲಿ ಅರ್ಧ ಕೊಡ ನೀರು, ಅದರಲ್ಲೇ ಎಲ್ಲ ಮುಗಿಸಬೇಕು.

"ನಿಂಗೆ ಖುಷಿ ಇಲ್ವೇನಮ್ಮ, ವಾಪಸ್ ಬಂದಿದ್ದು?" ಅಂದೆ.

ಅಮ್ಮ ತಲೆ ಎತ್ತಲಿಲ್ಲ. "ವಾಪಸ್ ಬರೋದು ಬಿಟ್ಟು ಹೋದೋರು ಕಣೇ. ನಿಮ್ಮಪ್ಪ ಬಿಟ್ಟು ಹೋಗಿದ್ರು, ಬಂದ್ರು. ನಾನು ತಪ್ಪಿಸ್ಕೊಂಡು ಹೋದೋಳು." ಸ್ವಲ್ಪ ಹೊತ್ತಾದ ಮೇಲೆ ತಾನೇ ಹೇಳಿದಳು. "ಮದ್ವೆಯಾಗಿ ಬೆಂಗಳೂರಿಗೆ ಹೋದಾಗ ಬಾಡಿಗೆ ಮನೆ ಅಡುಗೆಕೋಣೆ ಒಳಗೇ ನಲ್ಲಿ ಇತ್ತು. ನಿಮ್ಮಪ್ಪ ಡ್ಯೂಟಿಗೆ ಹೋದ್ಮೇಲೆ ಸುಮ್ಮನೆ ತಿರುಗಿಸಿ ತಿರುಗಿಸಿ ನೋಡ್ತಿದ್ದೆ. ಇಷ್ಟೇನಾ ಅಂತ."

ಯುಗಾದಿ ಮುಗಿಸಿ ಹಾಸ್ಟೆಲಿಗೆ ಬಂದು ಪ್ರಬಂಧದ ಮೂರನೇ ಅಧ್ಯಾಯ ತೆಗೆದೆ. ಮಾರ್ಗದರ್ಶಕರಿಗೆ ಆ ತಿಂಗಳು ಕೊಡಬೇಕಿತ್ತು. ಕಾರಂತರ 'ಮರಳಿ ಮಣ್ಣಿಗೆ' ಬಗ್ಗೆ ನಲವತ್ತು ಪುಟ ಬರೆದಿದ್ದೆ. ಮದರಾಸು, ಬೊಂಬಾಯಿ ಸುತ್ತಿ ಕೊನೆಗೆ ಕಡಲ ತೀರದ ಊರಿಗೆ ಮರಳುವ ರಾಮನೇ ನನ್ನ ನಾಯಕ. ಪಾರೋತಿ, ಸರಸೋತಿ, ನಾಗವೇಣಿ ಇದ್ದರು. 'ತ್ಯಾಗ', 'ಸಹನೆ' ಎಂಬ ಎರಡು ಪ್ಯಾರಾದಲ್ಲಿ. ಆ ಹೆಂಗಸರು ಕಾದಂಬರಿಯುದ್ದಕ್ಕೂ ಗದ್ದೆಯಲ್ಲಿ, ಹೊಳೆಯಂಚಿನಲ್ಲಿ, ಮಳೆಯಲ್ಲಿ ಮಾಡುವ ಕೆಲಸವನ್ನು ಕಾರಂತರು ಪುಟಗಟ್ಟಲೆ ಬರೆದಿದ್ದಾರೆ. ಅವರು ಬರೆದದ್ದನ್ನು ಓದಿಯೂ ದಾಟಿಹೋದವಳು ನಾನು. ರಾಮನಿಗೆ ಮರಳಲು ಒಂದು ಮನೆ ಉಳಿದಿತ್ತು ಎಂದರೆ ಅದನ್ನು ಉಳಿಸಿದವರು ಯಾರು ಎಂದು ನಾನು ಕೇಳಿರಲೇ ಇಲ್ಲ. ತೇಜಸ್ವಿಯವರ ಭಾಗದಲ್ಲಿ ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ' ಪುಸ್ತಕವನ್ನು ಎಲ್ಲಿ ಬಳಸಿದ್ದೇನೆ ಎಂದು ಹುಡುಕಿದೆ. ಅಡಿಟಿಪ್ಪಣಿ 27. ಅಪ್ಪನ ಡೈರಿಯ ಹದಿನಾಲ್ಕನೇ ನಂಬರು ನೆನಪಾಯಿತು.

ಅಧ್ಯಾಯ ಕೊಡಲಿಲ್ಲ. ಮಾರ್ಗದರ್ಶಕರು ಬೈದರು.

ಏಪ್ರಿಲ್ ಕೊನೆಯಲ್ಲಿ ಅಪ್ಪ ಬೋರು ಕೊರೆಸಿದ. ದೊಡ್ಡಪ್ಪನ ಬೋರಿನ ನೀರು ಇಳಿದು, ಎರಡು ಪಾಲಿನ ತೋಟಕ್ಕೂ ಸಾಲದೆ, ಅಣ್ಣತಮ್ಮಂದಿರ ಮಾತು ಸ್ವಲ್ಪ ಬಿಗಿಯಾಗಿತ್ತು. ಪಾಯಿಂಟ್ ಮಾಡುವವರು ಬಂದು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಓಡಾಡಿದರು. ಕಾಯಿ ಎದ್ದು ನಿಂತ ಕಡೆ ಸುಣ್ಣದ ಗುರುತು. ರಾತ್ರಿ ಲಾರಿ ಬಂತು. ಬೆಳಗಿನ ಜಾವದವರೆಗೆ ನೆಲ ನಡುಗಿತು. ಮುನ್ನೂರು ಅಡಿಗೆ ಸ್ವಲ್ಪ ಹಸಿ ಮಣ್ಣು ಬಂತು, ಅಪ್ಪ ಊದುಬತ್ತಿ ಹಚ್ಚಿದ. ಆಮೇಲೆ ಬರೀ ಬಿಳಿ ಧೂಳು. ಇನ್ನೈವತ್ತು, ಇನ್ನೈವತ್ತು ಎಂದು 620 ಅಡಿಗೆ ನಿಲ್ಲಿಸಿದರು. ಅಡಿಕೆ ಗರಿಗಳ ಮೇಲೆಲ್ಲ ಕಲ್ಲಿನ ಹುಡಿ ಕೂತಿತ್ತು. ಅಪ್ಪನ ಕೂದಲು, ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ಪಿ.ಎಫ್.ನಿಂದ ತೆಗೆದ ಹಣದಲ್ಲಿ ಸುಮಾರು ಎರಡು ಲಕ್ಷ ಒಂದೇ ರಾತ್ರಿಗೆ ಆ ತೂತಿನೊಳಗೆ ಹೋಗಿತ್ತು. ಅಮ್ಮ ಒಂದು ಮಾತೂ ಆಡಲಿಲ್ಲ. ತೊಟ್ಟಿಯಿಂದ ನೀರು ತಂದು ಕಾಯಿಸಿ, ಅಪ್ಪನನ್ನು ಬಚ್ಚಲುಕಲ್ಲಿನ ಮೇಲೆ ಕೂರಿಸಿ, ತಾನೇ ತಲೆಗೆ ಹುಯ್ದಳು. ಅಪ್ಪ ಮಕ್ಕಳ ಹಾಗೆ ಕೂತಿದ್ದ. ಅಂದು ಅವನ ಮೇಲೆ ನನಗೆ ಬಂದಷ್ಟು ಮರುಕ ಹಿಂದೆಂದೂ ಬಂದಿರಲಿಲ್ಲ. ಸಿಟ್ಟೂ ಅಷ್ಟೇ.

ಆ ಮಧ್ಯಾಹ್ನ ಜಗಲಿಯಲ್ಲಿ ಕೂತು ಡೈರಿಯ ಕೊನೆಯ ಹಾಳೆಯಲ್ಲಿ ಒಂದು ಲೆಕ್ಕ ಹಾಕಿದೆ. ನಮ್ಮ ಪಾಲಿನಲ್ಲಿ ಎಂಟುನೂರು ಅಡಿಕೆ ಮರ. ಡ್ರಿಪ್ಪಿನಲ್ಲಿ ಒಂದು ಮರಕ್ಕೆ ದಿನಕ್ಕೆ 15ರಿಂದ 20 ಲೀಟರು ಬೇಕು. ನಮ್ಮ ಸ್ಟೀಲಿನ ಕೊಡ ಹಿಡಿಯುವುದು ಹದಿನೈದು ಲೀಟರು. ಅಂದರೆ ಪ್ರತಿ ಮರದ ಬುಡಕ್ಕೂ ದಿನಕ್ಕೊಂದು ಕೊಡದ ಲೆಕ್ಕದಲ್ಲಿ ನೀರು ತಾನಾಗಿ ನಡೆದುಕೊಂಡು ಹೋಗಬೇಕು. ಅದಕ್ಕೆ ಪೈಪು, ಫಿಲ್ಟರು, ವಾಲ್ವು ಎಲ್ಲ ಇವೆ. ಎಂಟುನೂರು ಮರಕ್ಕೂ ಒಂದೊಂದು ನಲ್ಲಿ. ಆ ತೋಟದ ನಡುವಿನ ಮನೆಯ ಎರಡು ಅಡುಗೆಮನೆಗಳಿಗೆ ಒಂದೂ ಇಲ್ಲ. ಅಪ್ಪನಿಗೆ ಹಾಳೆ ತೋರಿಸಿದೆ. ಬಹಳ ಹೊತ್ತು ನೋಡಿದ. "ಗುಣಾಕಾರ ಸರಿ ಇದೆ" ಅಂದ.

ಎರಡು ಅಡುಗೆಮನೆ ಅಂದೆನಲ್ಲ, ಇನ್ನೊಂದು ದೊಡ್ಡಮ್ಮನದು. ನಲವತ್ತು ವರ್ಷದಿಂದ ಆ ಏರಿನಲ್ಲಿ ನೀರು ಹೊತ್ತವಳು. ಮಗ ಪ್ರತಿ ಬೇಸಿಗೆಯಲ್ಲಿ "ಈ ಸಲ ಲೈನು ಎಳೆಸ್ತೀನಿ ಕಣವ್ವ" ಅನ್ನುತ್ತಾನೆ, ಅಷ್ಟರಲ್ಲಿ ಮಳೆಗಾಲ ಬರುತ್ತದೆ. ಬೋರು ಸೋತ ಮರುವಾರ ಅಮ್ಮ ಗಂಡಸರ ಹತ್ತಿರ ಹೋಗಲೇ ಇಲ್ಲ. ದೊಡ್ಡಮ್ಮನ ಹಿತ್ತಿಲಿಗೆ ಹೋಗಿ ಹಲಸಿನ ಗುಜ್ಜೆ ಹೆಚ್ಚಿಕೊಡುತ್ತಾ ಕೂತಳು. ಹೊರಗೆ ಬಂದಾಗ ತೀರ್ಮಾನವಾಗಿತ್ತು. ಅಮ್ಮನ ಬ್ಲೌಸ್ ಹೊಲಿಗೆಯ ಚೀಟಿ ದುಡ್ಡು, ದೊಡ್ಡಮ್ಮ ಹಾಲು ಮಾರಿ ಕೂಡಿಟ್ಟದ್ದು. ತೊಟ್ಟಿ ಹತ್ತಿರ ಅರ್ಧ ಎಚ್.ಪಿ. ಮೋಟಾರು, ಮನೆಯ ಹಿಂದೆ ಕಲ್ಲಿನ ಕಟ್ಟೆ ಮೇಲೆ ಐನೂರು ಲೀಟರಿನ ಸಿಂಟೆಕ್ಸ್. ಅಲ್ಲಿಂದ ಎರಡು ಕವಲು, ಎಡಕ್ಕೊಂದು, ಬಲಕ್ಕೊಂದು. ತರೀಕೆರೆಯಿಂದ ಪ್ಲಂಬರ್ ಹುಡುಗನನ್ನು ಕರೆತಂದವಳು ಅಮ್ಮನೇ. ತ್ರೀಫೇಸ್ ಕಾಯಬೇಕಾಗಿಲ್ಲ, ಮನೆ ಕರೆಂಟಿಗೇ ನಡೆಯುತ್ತದೆ. ದೊಡ್ಡಪ್ಪ "ತೋಟಕ್ಕೇ ಸಾಲ್ತಿಲ್ಲ, ಇವಕ್ಕೆಲ್ಲ..." ಎಂದು ಶುರು ಮಾಡಿದ. ದೊಡ್ಡಮ್ಮ ಒಳಗಿನಿಂದಲೇ, "ಹೊತ್ತಾಗ್ಲೂ ಇದೇ ನೀರು ಕುಡಿದಿದ್ದು, ಪೈಪ್ನಾಗೆ ಬಂದ್ರೆ ಜಾಸ್ತಿ ಕುಡೀತೀವಾ?" ಅಂದಳು. ಅಲ್ಲಿಗೆ ಮುಗಿಯಿತು.

ಎರಡು ದಿನದ ಕೆಲಸ. ಇಷ್ಟು ಸಣ್ಣ ಕೆಲಸವೇ ಇದು ಎಂದು ನನಗೆ ಬೇಜಾರೇ ಆಯಿತು.

ಮೇ ತಿಂಗಳ ಮೊದಲಿಗೆ ಒಂದು ಸಂಜೆ ಭರಣಿ ಮಳೆ ಬಿತ್ತು. ಗುಡುಗು ಗಿರಿಯಿಂದಲೇ ಉರುಳಿಕೊಂಡು ಬಂದ ಹಾಗಿತ್ತು. ಹಂಚಿನ ಮೇಲೆ ಬಿದ್ದ ಮೊದಲ ಹನಿಗಳಿಗೆ ಬಿಸಿ ಬೂದಿಯ ವಾಸನೆ. ಅಪ್ಪ ಅಂಗಳದಲ್ಲಿ ನೆನೆಯುತ್ತಾ ನಿಂತ. ಕರೆಂಟು ಹೋಯಿತು. ಅಡುಗೆಮನೆಯ ಕತ್ತಲಲ್ಲಿ ಅಮ್ಮ ನಲ್ಲಿ ತಿರುಗಿಸಿ ಅಕ್ಕಿ ತೊಳೆಯುತ್ತಿದ್ದಳು. ಹೊರಗೆ ಅಷ್ಟು ಸದ್ದಿದ್ದರೂ ಆ ಸಣ್ಣ ಸದ್ದು ನನಗೆ ಕೇಳಿಸಿತು.

ಆ ಭಾನುವಾರವೂ ಚೀಲ ತುಂಬಿ ಬಾಗಿಲ ಬಳಿ ಇತ್ತು, ಆದರೆ ಸಂಜೆ ಐದರ ಮೇಲೆ. ಮನೆಗೆ ಬೀಗ ಹಾಕಿದವಳು ಅಮ್ಮ. ಬೀಗದ ಕೈಯನ್ನು ಯಾವಾಗಿನಂತೆ ದೊಡ್ಡಪ್ಪನ ಮನೆ ಮೊಳೆಗೆ ನೇತುಹಾಕಲಿಲ್ಲ, ತನ್ನ ಪರ್ಸಿಗೆ ಹಾಕಿಕೊಂಡಳು. ನನಗೆ ಹಾಸ್ಟೆಲಿನ ಕಡೆ ಬಸ್ಸಿರಲಿಲ್ಲ. ಅವರನ್ನು ರೈಲು ಹತ್ತಿಸಿ ತರೀಕೆರೆಯ ಗೆಳತಿಯ ಮನೆಯಲ್ಲಿ ಮಲಗುವುದೆಂದು ಸ್ಟೇಷನ್ನಿಗೆ ಹೋದೆ. ಮಳೆಗೆ ಪ್ಲಾಟ್‌ಫಾರಂ ಒದ್ದೆಯಾಗಿತ್ತು. ಅಪ್ಪ ಡೈರಿ ತೆಗೆದು, ಕಣ್ಣಿನಂಚಿನಲ್ಲಿ ಅಮ್ಮನನ್ನು ನೋಡುತ್ತಾ, "ಆಗಸ್ಟ್ ಹದಿನೈದು ಆದ್ಮೇಲೆ ಲಾರಿಗೆ ಹೇಳ್ಳಾ, ಸಾಮಾನು ಸಾಗಿಸೋಕೆ?" ಎಂದು ಕೇಳಿದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೀಗೆ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮ ಒದ್ದೆ ಬೆಂಚನ್ನು ಸೆರಗಿನಿಂದ ಒರೆಸಿ ಕೂತಳು.

"ಕಕ್ಕಸ್ ಗುಂಡಿಗೆ ಇನ್ನೂ ರಿಂಗೇ ಇಳ್ಸಿಲ್ಲ" ಅಂದಳು. "ಮಳೆಗಾಲ ಮುಗೀಲಿ, ನೋಡಣ."

ಅಪ್ಪ ಪೆನ್ನು ತೆಗೆದು ಹೊಸ ಹಾಳೆ ತಿರುಗಿಸಿದ. ಮೇಲೆ ಒಂದನೇ ನಂಬರು ಹಾಕಿ, ರಿಂಗ್ ಎಷ್ಟು ಬೇಕಾಗುತ್ತದೆ ಎಂದು ಅಮ್ಮನನ್ನೇ ಕೇಳಿದ.